ಬೊಗಳದ ಮರಿ

ನಮ್ಮ ಮನೆಯ ಕರಿಯ ಸತ್ತ ದಿನ ಬೀದಿಗೆ ಬೀದಿಯೇ ಬಂದು ಸಂತಾಪ ಸೂಚಿಸಿತು. ಎಲ್ಲರೂ ಬಾಗಿಲಾಚೆಯೇ ನಿಂತರು. ಒಳಗೆ ಬನ್ನಿ ಎಂದರೆ ಬರಲಿಲ್ಲ, ಒಂದು ಲೋಟ ನೀರು ಕೊಟ್ಟರೆ ಮುಟ್ಟಲಿಲ್ಲ. "ಎಂಥಾ ನಾಯಿ ಅಲ್ವಾ ದೇವೀರಮ್ಮಾ?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಹೊರಟುಹೋದರು. ಪಕ್ಕದ ಮನೆಯ ಜಯಶೀಲಮ್ಮ ಮಾತ್ರ ತನ್ನ ನಾಯಿಯನ್ನು ಹಿತ್ತಲಲ್ಲಿ ಭದ್ರವಾಗಿ ಕಟ್ಟಿ ಬಂದಿದ್ದಳು. ಹಾಗಾಗಿ ಅವಳು ಮನಸಾರೆ ಅತ್ತಳು.

ನಮ್ಮೂರಿನ ನಾಯಿಗಳು ಸುಳ್ಳಿಗೆ ಮಾತ್ರ ಬೊಗಳುತ್ತವೆ. ಕಳ್ಳ ಗೋಡೆ ಹಾರಿದರೆ ಬಾಲ ಅಲ್ಲಾಡಿಸುತ್ತಾ ನೋಡುತ್ತವೆ. ಅವನು ಸಿಕ್ಕಿಬಿದ್ದು "ದಾರಿ ತಪ್ಪಿ ಬಂದೆ" ಎಂದಾಗ ಊರೆಲ್ಲ ಕೇಳುವಂತೆ ಬೊಗಳುತ್ತವೆ. ತಿಳಿಯದೆ ತಪ್ಪು ಹೇಳಿದವರನ್ನು ಕ್ಷಮಿಸುತ್ತವೆ, ಒಳಗೊಂದು ಹೊರಗೊಂದು ಇಟ್ಟುಕೊಂಡವರನ್ನು ಬಿಡುವುದಿಲ್ಲ. ಪ್ರಶ್ನೆ ಕೇಳಿದರೆ ಸುಮ್ಮನಿರುತ್ತವಾದ್ದರಿಂದ ನಮ್ಮೂರಿನ ಮರ್ಯಾದಸ್ಥರು ಪ್ರಶ್ನೆಗಳಲ್ಲೇ ಸಂಸಾರ ಸಾಗಿಸುತ್ತಾರೆ. "ಇಂಥಾ ಸಾರು ಬೇರೆಲ್ಲಿ ಸಿಗುತ್ತೆ?" ಎಂದು ಕೇಳಿದವನು ಸಾರನ್ನು ಹೊಗಳಿದನೋ ತೆಗಳಿದನೋ ನಾಯಿಗೂ ಗೊತ್ತಿಲ್ಲ, ಸಾರು ಮಾಡಿದವಳಿಗೂ ಗೊತ್ತಿಲ್ಲ. ಇಷ್ಟಾದರೂ, ನಾಯಿ ಇಲ್ಲದ ಮನೆಯಲ್ಲಿ ನೀರು ಕುಡಿಯಬಾರದೆಂಬುದು ಹಿಂದಿನಿಂದ ಬಂದ ಕಟ್ಟಳೆ. ಆದ್ದರಿಂದ ಪ್ರತಿ ಮನೆಯಲ್ಲೂ ಒಂದು ನಾಯಿ ಇದೆ, ನೆಂಟರು ಬಂದಾಗ ಅದರ ಬಾಯಿಗೆ ತುರುಕಲು ಒಂದು ಗಟ್ಟಿ ಮುದ್ದೆಯೂ ಇದೆ. ಮದುವೆ ಮಾತುಕತೆಯ ದಿನ ನಾಯಿಗಳು ತಿನ್ನುವಷ್ಟು ಮುದ್ದೆಯನ್ನು ಬೀಗರೂ ತಿನ್ನುವುದಿಲ್ಲ. ಕಿವಿ ಮಂದವಾದ ಮುದಿ ನಾಯಿಗೆ ಇರುವ ಬೆಲೆ ಕರೆಯುವ ಎಮ್ಮೆಗೂ ಇಲ್ಲ.

ಕರಿಯನ ಕಿವಿ ಕೊನೆಯವರೆಗೂ ಚುರುಕಾಗಿತ್ತು. ಜೊತೆಗೆ ಮುದ್ದೆಯನ್ನು ಅಗಿಯದೆ ನುಂಗುವುದನ್ನು ಬೇರೆ ಕಲಿತಿದ್ದ. ಒಮ್ಮೆ ನನ್ನ ನಾದಿನಿ ಊರಿಗೆ ಹೊರಟಾಗ "ಇನ್ನೆರಡು ದಿನ ಇದ್ದು ಹೋಗು" ಎಂದೆ. ಎಲ್ಲರ ಮನೆಯಲ್ಲೂ ಹೇಳುವ ಮಾತು, ನಾನೂ ಹೇಳಿದೆ. ಅವನು ಬೊಗಳಿದ ರಭಸಕ್ಕೆ ಅವಳು ಬಸ್ಸಿಗೂ ಕಾಯದೆ ನಡೆದೇ ಹೋದಳು, ಇವತ್ತಿಗೂ ಬಂದಿಲ್ಲ. ಯೋಚಿಸಿದರೆ, ಕರಿಯನಿಂದ ನನಗಾದ ಉಪಕಾರ ಅದೊಂದೇ. ಅವನು ಸತ್ತಾಗ ನಾನು ಅಳಲಿಲ್ಲ. ಜಯಶೀಲಮ್ಮ ನನ್ನ ಪಾಲಿನದನ್ನೂ ಅತ್ತಿದ್ದಳಲ್ಲ.

ನಮ್ಮ ಯಜಮಾನರು ಚೆಲುವಯ್ಯನವರಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ, ತಲೆಯಲ್ಲಿ ಒಂದು ಹುಳ. ಊರಿನ ಕಲ್ಯಾಣ ಮಂಟಪದ ಸಮಿತಿಗೆ ಅಧ್ಯಕ್ಷರಾಗಬೇಕು ಎಂಬ ಹುಳ. ಅಧ್ಯಕ್ಷನಾಗಬಯಸುವವನು ಸಮಿತಿಯವರನ್ನು ಮನೆಗೆ ಕರೆದು, ತಿಂಡಿ ಕೊಟ್ಟು, ತನ್ನ ಮನೆಯ ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಮಾತಾಡಬೇಕು. ಆಗ ನಾಯಿಯ ಬಾಯಲ್ಲಿ ಏನೂ ಇರಕೂಡದು. ಹೋದ ಸಲ ಇವರು "ನನಗೆ ಅಧಿಕಾರದ ಆಸೆ ಇಲ್ಲ" ಎಂದು ಶುರುಮಾಡಿದರು, ಅಲ್ಲಿಗೇ ಮುಗಿಯಿತು. ಬೊಗಳಿ ಬೊಗಳಿ ಕರಿಯನ ಗಂಟಲು ಕಟ್ಟಿತು, ಬಂದವರ ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಅವತ್ತು ಗೆದ್ದ ತಮ್ಮಯ್ಯಣ್ಣ ತನ್ನ ಭಾಷಣವನ್ನು ಪೂರ್ತಿ ಪ್ರಶ್ನೆಯಲ್ಲೇ ನಡೆಸಿದ್ದ. "ನನ್ನಂಥೋನು ಇನ್ನೊಬ್ಬ ಸಿಗ್ತಾನಾ?" ಎಂದು ಕೇಳಿದ. ಸಿಗದಿರಲಪ್ಪಾ ಎಂದು ದೇವರನ್ನು ಬೇಡಿಕೊಳ್ಳುತ್ತಾ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಆಳ್ವಿಕೆಯಲ್ಲಿ ಮಂಟಪದ ಕುರ್ಚಿಗಳೆಲ್ಲ ಎಲ್ಲಿಗೋ ನಡೆದುಹೋದ ಮೇಲೆ ಸಮಿತಿಯವರು ಎಚ್ಚೆತ್ತು, ಇನ್ನು ಮೇಲೆ ಭಾಷಣದಲ್ಲಿ ಪ್ರಶ್ನೆ ಕೇಳುವಂತಿಲ್ಲ ಎಂದು ಕಟ್ಟುಪಾಡು ಮಾಡಿದರು. ಅಂಥ ಹೊತ್ತಿಗೆ ಸರಿಯಾಗಿ ನಮ್ಮ ಮನೆಯಲ್ಲಿ ನಾಯಿ ಇರಲಿಲ್ಲ.

ಸುದ್ದಿ ತಂದವಳು ಜಯಶೀಲಮ್ಮನೇ. ಕಾಂಪೌಂಡಿನ ಮೇಲೆ ಮೊಣಕೈ ಊರಿ, "ದೇವೀರಕ್ಕಾ, ದೊಡ್ಡಿಗೆ ಒಂದು ಮರಿ ಬಂದಿದೆ. ಬೇಲಿ ತಂತಿ ಸಿಕ್ಕಾಕ್ಕೊಂಡು ಗಂಟ್ಲು ಕುಯ್ದೋಗಿದೆಯಂತೆ. ಬೊಗಳೋಕೇ ಆಗಲ್ವಂತೆ!" ಎಂದಳು. ಮಗಳು ಹೆತ್ತಾಗಲೂ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

ದೊಡ್ಡಿ ಎಂದರೆ ಹಿಂದೆ ತುಡುಗು ದನಗಳನ್ನು ಕೂಡಿಹಾಕುತ್ತಿದ್ದ ಜಾಗ. ಈಗ ಬೀದಿಪಾಲಾದ ನಾಯಿಗಳ ಆಸರೆ. ನಮ್ಮೂರಿನಲ್ಲಿ ನಾಯಿಯನ್ನು ಬೀದಿಗೆ ಬಿಡುವುದು ಕಜ್ಜಿ ಬಂತೆಂದಲ್ಲ. ಆಡಬಾರದ ಹೊತ್ತಿನಲ್ಲಿ ಬಾಯಿ ಆಡಿಸಿತೆಂದು. ಕೈಕಾಲು ನೆಟ್ಟಗಿರುವ ಗಟ್ಟಿಮುಟ್ಟಾದ ನಾಯಿಗಳು ಅಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ತಿರುಗಿ ನೋಡಿದವರಿಲ್ಲ. ಗಂಟಲು ಕುಯ್ದ ಮರಿಯೊಂದು ಬಂತೆಂದ ಕೂಡಲೇ ಊರಿನಲ್ಲಿ ಕರುಣೆ ಉಕ್ಕಿ ಹರಿಯಿತು. ನಾನು ಹೋಗುವ ಹೊತ್ತಿಗೆ ಗೇಟಿನಿಂದ ರಸ್ತೆಯವರೆಗೆ ಸಾಲು ನಿಂತಿತ್ತು. ತಮ್ಮಯ್ಯಣ್ಣ ಜರಿ ಪಂಚೆಯಲ್ಲಿ ಬಂದಿದ್ದ. ಜಯಶೀಲಮ್ಮ, ಮನೆಯಲ್ಲಿ ಒಂದು ನಾಯಿ ಇದ್ದೂ, ಅದನ್ನು ಕೊಟ್ಟು ಇದನ್ನು ತೆಗೆದುಕೊಳ್ಳಬಹುದೇ ಎಂದು ವಿಚಾರಿಸುತ್ತಿದ್ದಳು.

ದೊಡ್ಡಿಯನ್ನು ನೋಡಿಕೊಳ್ಳುವವರು ಫ್ಲೋರಿನ್ ಡಾಕ್ಟರಮ್ಮ. ಹಗಲಿರುಳು ಹಿಂಡು ನಾಯಿಗಳ ನಡುವೆ ಬದುಕುವ ಹೆಂಗಸಾದ್ದರಿಂದ ನಯವಾದ ಮಾತು ಆಕೆಗೆ ಮರೆತೇಹೋಗಿದೆ. ಮುಖಕ್ಕೆ ಹೊಡೆದಂತೆ ಮಾತಾಡುತ್ತಾರೆಂದು ಊರಿನಲ್ಲಿ ಯಾರೂ ಆಕೆಯನ್ನು ಆರತಿ ಅಕ್ಷತೆಗೆ ಕರೆಯುವುದಿಲ್ಲ. ಆಕೆ ಸಾಲನ್ನೊಮ್ಮೆ ನೋಡಿ, "ಇಷ್ಟೊಂದು ಜನ ಒಳ್ಳೇರು ಈ ಊರಲ್ಲಿಲ್ಲ. ಒಬ್ಬೊಬ್ರಾಗಿ ಬಂದು ಈ ಅಂಗಳದಲ್ಲಿ ನಿಂತು, ಮರಿ ಯಾಕೆ ಬೇಕು ಅಂತ ಹೇಳಿ. ಪ್ರಶ್ನೆ ಗಿಶ್ನೆ ಬೇಡ" ಎಂದರು. ಅಂಗಳದ ಸುತ್ತ ನಾಯಿಗಳು ಮಲಗಿದ್ದವು.

ತಮ್ಮಯ್ಯಣ್ಣ ಕೈಮುಗಿದು, "ಮೂಕಪ್ರಾಣಿ ಕಷ್ಟ ನನ್ನ ಕೈಲಿ ನೋಡೋಕಾಗಲ್ಲ" ಎಂದ. ನಾಯಿಗಳೆಲ್ಲ ಎದ್ದು ನಿಂತು ಬೊಗಳಿದ ಬೊಗಳಾಟಕ್ಕೆ ಅವನ ಪಂಚೆ ಸಡಿಲವಾಯಿತು. ಜಯಶೀಲಮ್ಮ "ನಂಗೆ ಮೊದ್ಲಿಂದ್ಲೂ ಮರಿಗಳು ಅಂದ್ರೆ ಪ್ರಾಣ" ಎಂದಳು. ಹೊರಗೆ ರಸ್ತೆಯ ನಾಯಿಗಳೂ ದನಿಗೂಡಿಸಿದವು. ಆಮೇಲೆ ಬಂದವರು ಬಂದಂತೆ ದಯೆ ಎಂದರು, ಪುಣ್ಯ ಎಂದರು, ಮನೆ ಮಗುವಿನ ಹಾಗೆ ಎಂದರು. ಇಂಥ ಒಳ್ಳೆಯ ಮಾತುಗಳಿಗೆ ನಾಯಿಗಳು ಅಷ್ಟು ಸಿಟ್ಟಾಗುತ್ತವೆಂದು ನನಗೆ ಗೊತ್ತಿರಲಿಲ್ಲ. ನನಗೂ ಯಜಮಾನರು ನಾಲ್ಕು ಮಾತು ಬಾಯಿಪಾಠ ಮಾಡಿಸಿ ಕಳಿಸಿದ್ದರು. ನನ್ನ ಸರದಿ ಬರುವಷ್ಟರಲ್ಲಿ ಆ ಗದ್ದಲಕ್ಕೆ ತಲೆ ಸಿಡಿದುಹೋಗಿ, ಕಲಿತದ್ದೆಲ್ಲ ಹಾರಿಹೋಗಿತ್ತು.

"ಬೊಗಳಲ್ಲ ಅಂತ ಕೇಳ್ದೆ, ಅದಕ್ಕೇ ಬೇಕು" ಎಂದೆ. "ನಂಗೆ ಇದರ ಮೇಲೆ ಪ್ರೀತಿನೂ ಇಲ್ಲ, ಗೀತಿನೂ ಇಲ್ಲ."

ಅಂಗಳ ಸದ್ದಿಲ್ಲದಾಯಿತು. ಒಂದು ನಾಯಿ ಕಿವಿ ಕೆರೆದುಕೊಂಡಿತು, ಇನ್ನೊಂದು ಸುತ್ತು ತಿರುಗಿ ಮಲಗಿತು. ಡಾಕ್ಟರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿಮ್ಮ ಮುಖ ನೋಡಿದ್ರೆ ನಾಯಿ ಸಾಕೋರ ಹಾಗೆ ಕಾಣಲ್ಲ. ಆದ್ರೆ ನಿಜ ಹೇಳ್ದೋರು ನೀವೊಬ್ರೇ. ಇದರ ದನಿ ಬಂದ್ರೂ ಬರಬಹುದು. ಬಂದ್ರೆ ಏನ್ ಮಾಡ್ತೀರಿ?"

"ವಾಪಸ್ ತಂದು ಬಿಡ್ತೀನಿ."

ಆಗಲೂ ಯಾವ ನಾಯಿಯೂ ಬಾಯಿ ತೆರೆಯಲಿಲ್ಲ. ಆಕೆ ಒಳಗೆ ಹೋಗಿ ಹಳೆಯ ಟವಲಿನಲ್ಲಿ ಸುತ್ತಿದ ಒಂದು ಗಂಟನ್ನು ತಂದು ನನ್ನ ಕೈಗಿಟ್ಟರು. ಕಂದು ಬಣ್ಣ, ಮೈಗಿಂತ ದೊಡ್ಡದಾದ ಬ್ಯಾಂಡೇಜು, ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಮೈತುಂಬ ಔಷಧಿಯ ವಾಸನೆ. ಅದು ನನ್ನ ಸೆರಗನ್ನು ಬಾಯಲ್ಲಿ ಕಚ್ಚಿ ಹಿಡಿದು ಮನೆಯವರೆಗೂ ಬಿಡಲಿಲ್ಲ. ಹೊಸ ಸೀರೆ, ಹಾಳಾಯಿತು.

ಯಜಮಾನರು ಅದಕ್ಕೆ ಸತ್ಯರಾಜ ಎಂದು ಹೆಸರಿಟ್ಟರು. ನಾನು ಪೀಡೆ ಎಂದು ಕರೆದೆ. ಅದು ಪೀಡೆ ಎಂದರೆ ಮಾತ್ರ ತಿರುಗಿ ನೋಡುತ್ತಿತ್ತು. ನಮ್ಮ ಮನೆಯಲ್ಲಿ ಮತ್ತೆ ನಾಯಿ ಬಂದಿದೆ, ಅದೂ ಬೊಗಳದ ನಾಯಿ ಎಂದು ತಿಳಿದದ್ದೇ ತಡ, ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿಲ್ಲದಂತಾಯಿತು. ಮುದ್ದೆಯ ಖರ್ಚಿಲ್ಲ, ಪ್ರಶ್ನೆಯ ಕಾಟವಿಲ್ಲ, ಕಟ್ಟಳೆಯೂ ಮುರಿಯುವುದಿಲ್ಲ. ಕೂತು ಆರಾಮವಾಗಿ ಬುರುಡೆ ಬಿಡಬಹುದಾದ ಮನೆ ಊರಿಗೆಲ್ಲ ನಮ್ಮದೊಂದೇ. ಜಯಶೀಲಮ್ಮ ದಿನಾ ಮಧ್ಯಾಹ್ನ ಬಂದು ತನ್ನ ಮಗಳನ್ನು ಅತ್ತೆ ಮನೆಯವರು ಹೇಗೆ ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಾರೆಂದು ವರ್ಣಿಸುತ್ತಿದ್ದಳು. ತಮ್ಮಯ್ಯಣ್ಣ ಮಂಟಪದ ಕುರ್ಚಿಗಳನ್ನು ತಾನು ಮುಟ್ಟಿಯೂ ಇಲ್ಲವೆಂದು ನಮ್ಮ ಜಗಲಿಯ ಮೇಲೆ ಆಣೆ ಮಾಡುತ್ತಿದ್ದ. ಕೆಳಗಿನ ಬೀದಿಯ ಹೊಸ ಜೋಡಿಯೊಂದು ಸಂಜೆ ಬಂದು ಮೂಲೆಯಲ್ಲಿ ಕೂತು, "ನೀನಿಲ್ದೆ ನಂಗೆ ಒಂದು ಗಳಿಗೆನೂ ಆಗಲ್ಲ" ಎಂದು ಪರಸ್ಪರ ಹೇಳಿಕೊಂಡು, ಸಮಾಧಾನವಾಗಿ ಮನೆಗೆ ಹೋಗಿ ಜಗಳವಾಡುತ್ತಿತ್ತು. ನಾನೇನು ಕಡಿಮೆ? ಬಂದವರಿಗೆಲ್ಲ "ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ, ನೀವು ಬಂದ್ರೇನೇ ನಂಗೆ ಹೊತ್ತು ಹೋಗೋದು" ಎನ್ನುತ್ತಿದ್ದೆ. ಜೀವಮಾನದಲ್ಲಿ ನನ್ನನ್ನು ಅಷ್ಟು ಜನ ಒಳ್ಳೆಯವಳೆಂದು ಹೊಗಳಿದ್ದಿಲ್ಲ. ಯಜಮಾನರು ಅಧ್ಯಕ್ಷರಾದಂತೆಯೇ ಕಾಲ ಮೇಲೆ ಕಾಲು ಹಾಕಿ ಕೂರತೊಡಗಿದರು.

ಪೀಡೆಗೆ ಚಮಚದಲ್ಲಿ ಗಂಜಿ ಕುಡಿಸಬೇಕಿತ್ತು. ಅರ್ಧ ಅದರ ಹೊಟ್ಟೆಗೆ, ಅರ್ಧ ನನ್ನ ಮಡಿಲಿಗೆ. ಬ್ಯಾಂಡೇಜು ಬಿಚ್ಚಿ ಗಾಯ ತೊಳೆಯುವಾಗ ನನ್ನ ಕೈಯನ್ನು ನೆಕ್ಕುತ್ತಿತ್ತು. ನೋಯಿಸುವ ಕೈಯನ್ನು ನೆಕ್ಕುವಷ್ಟು ದಡ್ಡ ಪ್ರಾಣಿ. "ನಿನ್ನಿಂದ ನಂಗೆ ಬಿಡಿಗಾಸಿನ ಉಪಯೋಗ ಇಲ್ಲ" ಎಂದು ದಿನಾ ಬೈಯುತ್ತಿದ್ದೆ. ಆಗೆಲ್ಲ ಅದು ಕತ್ತು ನೀಡಿ ದೊಡ್ಡದಾಗಿ ಆಕಳಿಸುತ್ತಿತ್ತು. ಜನ ಬಂದು ಕೂತಾಗಲೂ ಅಷ್ಟೇ, ಆಕಳಿಕೆಯ ಮೇಲೆ ಆಕಳಿಕೆ. "ನಮ್ಮ ಮಾತು ಕೇಳಿ ಪಾಪ ನಿದ್ದೆ ಬರ್ತದೆ ಅದಕ್ಕೆ" ಎಂದು ಜಯಶೀಲಮ್ಮ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಆದರೆ ಗಾಯ ಮಾಯಲಿಲ್ಲ. ಬೆಳಿಗ್ಗೆ ಒಣಗಿರುತ್ತಿದ್ದದ್ದು ಸಂಜೆಗೆ ಹಸಿಯಾಗುತ್ತಿತ್ತು. ಒಂದು ಮಧ್ಯಾಹ್ನ ಜಯಶೀಲಮ್ಮ ತನ್ನ ಮಗಳ ಸುಖವನ್ನು ವಿವರವಾಗಿ ಹೇಳಿ ಎದ್ದುಹೋದ ಮೇಲೆ ನೋಡಿದರೆ ಬ್ಯಾಂಡೇಜು ಕೆಂಪಾಗಿತ್ತು. ನನಗೇನೋ ಅನುಮಾನ ಬಂತು. ಅದರ ಎದುರಿಗೆ ನೆಲದ ಮೇಲೆ ಕೂತು, ಮುಖದಲ್ಲಿ ಮುಖವಿಟ್ಟು, "ನನ್ನ ನಾದಿನಿ ಅಂದ್ರೆ ನಂಗೆ ಪಂಚಪ್ರಾಣ" ಎಂದೆ.

ಪೀಡೆ ನಾಲ್ಕೂ ಕಾಲು ಬಿಗಿದು ನಿಂತಿತು. ಕತ್ತು ಮುಂದೆ ಚಾಚಿತು. ಬಾಯಿ ಅಗಲವಾಗಿ ತೆರೆಯಿತು, ಇಡೀ ಮೈ ಮುಂದಕ್ಕೆ ಕುಲುಕಿತು, ಮತ್ತೆ ಕುಲುಕಿತು. ಸದ್ದಿಲ್ಲ. ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆಯೊಂದು ಅಗಲವಾಗುತ್ತಾ ಬಂತು. ಅದು ಆಕಳಿಸುತ್ತಿರಲಿಲ್ಲ. ಇಷ್ಟು ದಿನವೂ ಬೊಗಳುತ್ತಿತ್ತು. ನಾವು ಕಾಫಿ ಕುಡಿಯುತ್ತಾ ಬಿಟ್ಟ ಒಂದೊಂದು ಬುರುಡೆಗೂ, ಆ ಹರಿದ ಗಂಟಲಿನಲ್ಲಿ, ಒಂದನ್ನೂ ಬಿಡದೆ ಬೊಗಳಿತ್ತು. ಕರಿಯ ಸತ್ತಾಗ ಬಾರದ ಅಳು ಆಗ ಬಂತು, ಯಾರೂ ಇಲ್ಲವೆಂದು ನೋಡಿಕೊಂಡು ಅತ್ತೆ.

ಅದನ್ನೆತ್ತಿಕೊಂಡು ದೊಡ್ಡಿಗೆ ಓಡಿದೆ. ಡಾಕ್ಟರಮ್ಮ ಗಾಯ ನೋಡಿ ಮುಖ ಗಂಟಿಕ್ಕಿದರು.

"ನಿಮ್ಮನೇಲಿ ಇಷ್ಟೊಂದು ಸುಳ್ಳು ಯಾರಮ್ಮಾ ಹೇಳೋದು?"

"ಊರೋರೆಲ್ಲ ಬಂದು ಹೇಳ್ತಾರೆ. ನಾನೂ ಹೇಳ್ತೀನಿ."

"ಹಿಂಗೇ ಆದ್ರೆ ಗಾಯ ಕೊಳೆತು ಸಾಯ್ತದೆ. ಇದರ ಕಿವಿಗೆ ಸುಳ್ಳು ಬೀಳದ ಹಾಗೆ ನೋಡ್ಕೊಂಡ್ರೆ ಮಾಯ್ತದೆ. ಮಾಯ್ದ್ರೆ ದನಿ ಬರೋ ಹಾಗೇ ಕಾಣ್ತಿದೆ. ನಿಮಗೆ ಬೇಕಾಗಿದ್ದು ಬೊಗಳದ ನಾಯಿ ಅಲ್ವಾ? ಬೇಡ ಅಂದ್ರೆ ಇಲ್ಲೇ ಬಿಟ್ಟು ಹೋಗಿ."

ಸುತ್ತಲೂ ನಾಯಿಗಳು ಕಿವಿ ನೆಟ್ಟಗೆ ಮಾಡಿ ನನ್ನ ಉತ್ತರಕ್ಕೆ ಕಾಯುತ್ತಿದ್ದವು. ಇಂಥ ಜಾಗದಲ್ಲಿ ಯೋಚಿಸಿ ಹೇಳ್ತೀನಿ ಎನ್ನುವುದಕ್ಕೂ ಧೈರ್ಯ ಬೇಕು. "ಕೊಡಿ, ಅನ್ನಕ್ಕಿಡೋ ಹೊತ್ತಾಯ್ತು" ಎಂದು ಮರಿಯನ್ನು ಕಸಿದುಕೊಂಡು ಬಂದೆ.

ಮಾರನೆಯ ದಿನದಿಂದ ಬಾಗಿಲು ಹಾಕಿದೆ. ಬಂದವರಿಗೆ ಕಿಟಕಿಯಿಂದಲೇ, ಮರಿಯ ಗಾಯ ಮಾಯುವವರೆಗೆ ಯಾರೂ ಬರಬೇಡಿ ಎಂದೆ. ಊರು ಬೆಚ್ಚಿಬಿತ್ತು. "ಮಾಯ್ದ್ರೆ ಬೊಗಳುತ್ತಲ್ಲ ಅಕ್ಕಾ!" ಎಂದು ಜಯಶೀಲಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ತಮ್ಮಯ್ಯಣ್ಣ, "ಪಾಪ, ಮೂಕಪ್ರಾಣಿಗೆ ಔಷಧಿ ಗೀಷಧಿ ಹಾಕಿ ಯಾಕಮ್ಮಾ ಹಿಂಸೆ ಕೊಡ್ತೀರಿ? ದೇವರು ಇಟ್ಟ ಹಾಗೆ ಇರಲಿ ಬಿಡಿ" ಎಂದು ಉಪದೇಶ ಮಾಡಿದ. ಅದೇ ತಮ್ಮಯ್ಯಣ್ಣ ಹಲ್ಲು ನೋವು ಬಂದಾಗ ದೇವರು ಇಟ್ಟ ಹಾಗೆ ಇರಲು ಆಗದೆ ಪಟ್ಟಣದ ಮೂರು ಡಾಕ್ಟರರ ಹತ್ತಿರ ಹೋಗಿದ್ದು ನನಗೆ ಗೊತ್ತಿತ್ತು. ದೇವೀರಮ್ಮನಿಗೆ ತಲೆ ಕೆಟ್ಟಿದೆ ಎಂದು ಊರಿನಲ್ಲಿ ಮಾತಾಯಿತು. 

ನಮ್ಮ ಯಜಮಾನರು ತಲೆ ಮೇಲೆ ಕೈಹೊತ್ತು ಕೂತರು. "ಸಭೆ ಹತ್ರ ಬಂತಲ್ಲೇ. ಅದು ಮುಗಿಯೋ ತನಕ ಹೆಂಗಿದೆಯೋ ಹಂಗೇ ಇರಲಿ. ಆಮೇಲೆ ಬೇಕಾದ್ರೆ ಔಷಧಿ ಮಾಡು."

"ಆಮೇಲೆ ಔಷಧಿ ಮಾಡೋಕೆ ಇದು ಇರಲ್ಲ" ಎಂದು ಬ್ಯಾಂಡೇಜು ಬಿಚ್ಚಿ ತೋರಿಸಿದೆ. ಅವರು ನೋಡಿದರು. ಎದ್ದು ಅಂಗಡಿಗೆ ಹೋದರು.

ಅಲ್ಲಿಂದ ಶುರುವಾಯಿತು ನಮ್ಮ ವನವಾಸ. ಗಂಡ ಹೆಂಡತಿ ಸುಳ್ಳಿಲ್ಲದೆ ಒಂದು ಸೂರಿನಡಿ ಬದುಕುವುದು ಎಂದರೆ ಏನೆಂದು ಪುರಾಣಗಳೂ ಹೇಳಿಲ್ಲ. ಮೊದಲು ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡೆವು. ಎಷ್ಟು ದಿನ ಆಗುತ್ತದೆ? ಒಮ್ಮೆ ಊಟಕ್ಕೆ ಬಡಿಸುತ್ತಾ ಮರೆತು, "ಸಾರು ಹೆಂಗಿದೆ?" ಎಂದು ಕೇಳಿಬಿಟ್ಟೆ. ಅವರು ಪೀಡೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ತುತ್ತು ನುಂಗಿದರು.

"ಉಪ್ಪು ಜಾಸ್ತಿ."

"ಇವತ್ತಾ?"

"ಮದುವೆಯಾದಾಗಿಂದ."

ನನಗೆ ಮೈಯೆಲ್ಲ ಉರಿಯಿತು. ಮೂಲೆಯಲ್ಲಿ ಪೀಡೆ ಕಣ್ಣುಮುಚ್ಚಿ ಸುಖವಾಗಿ ಮಲಗಿತ್ತು. "ನಿಮ್ಮ ಭಾಷಣ ಕೇಳೋಕಿಂತ ನಿಮ್ಮಂಗಡಿ ಪಾತ್ರೆ ಬೀಳೋ ಸದ್ದೇ ವಾಸಿ" ಎಂದೆ. ಆಗಲೂ ಅದು ಏಳಲಿಲ್ಲ. ಅವರು "ಅಷ್ಟು ಕೆಟ್ಟದಾಗಿರ್ತದಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಹೌದು ಎಂದೆ. ಇಬ್ಬರಿಗೂ ಯಾಕೋ ನಗು ಬಂತು. ಆಮೇಲಾಮೇಲೆ ಅಭ್ಯಾಸವಾಯಿತು. ಅವರು ಅಂಗಡಿಯಿಂದ ಬಂದವರೇ ಮರಿಯ ಮುಂದೆ ಕೂತು, ಯಾರ ಹತ್ತಿರವೂ ಆಡದ ಮಾತುಗಳನ್ನು ನನ್ನ ಹತ್ತಿರ ಆಡತೊಡಗಿದರು. ಗಿರಾಕಿಗಳ ಮುಂದೆ ಕೈಕಟ್ಟಿ ನಿಂತು ನಿಂತು ಸಾಕಾಗಿದೆ, ಒಂದು ಸಲವಾದರೂ ಜನ ತನ್ನನ್ನು ಕಂಡು ಎದ್ದು ನಿಲ್ಲಬೇಕು ಎಂದರು. ಗಾಯ ಅಂಚಿನಿಂದ ಕೂಡುತ್ತಾ ಬಂತು. ಪೀಡೆಯ ಗಂಟಲಲ್ಲಿ ಆಗಾಗ ಗೊರಗೊರ ಸದ್ದು ಕೇಳತೊಡಗಿತು. ಅದನ್ನು ಕೇಳಿದಾಗಲೆಲ್ಲ ನನಗೆ ಖುಷಿಯೂ ಆಗುತ್ತಿತ್ತು, ಎದೆ ಧಸಕ್ಕೆನ್ನುತ್ತಲೂ ಇತ್ತು.

ಸಭೆಯ ದಿನ ಬಂತು. ಹಿಂದಿನ ದಿನವೆಲ್ಲ ಯಜಮಾನರು ಮರಿಗೆ ಕೇಳದಂತೆ ಬಚ್ಚಲ ಹಿಂದೆ ನಿಂತು ಭಾಷಣ ಒಪ್ಪಿಸಿಕೊಂಡಿದ್ದರು. ನಾನು ಬೇಡ ಎನ್ನಲಿಲ್ಲ. ಎಷ್ಟೋ ವರ್ಷದ ಆಸೆ ಎಂದು ಈಗ ನನಗೂ ಗೊತ್ತಿತ್ತು. ಮರಿಯನ್ನು ದೊಡ್ಡಿಗೆ ಬಿಟ್ಟು ಬರೋಣವೆಂದರೆ, ಮನೆಯ ನಾಯಿ ಪಕ್ಕದಲ್ಲಿಲ್ಲದೆ ಸಭೆ ನಡೆಯುವುದಿಲ್ಲ. "ಚಿಕ್ಕದಾಗಿ ಮುಗಿಸ್ತೀನಿ. ಒಂದೆರಡು ಸುಳ್ಳು ಅಷ್ಟೇ" ಎಂದರು. ಆ ಮಾತು ನಿಜವಾಗಿದ್ದರಿಂದ ಪೀಡೆ ಸುಮ್ಮನಿತ್ತು.

ಸಮಿತಿಯವರು ಚಾಪೆಯ ಮೇಲೆ ಸಾಲಾಗಿ ಕೂತರು. ಹಳೆಯ ಅಧ್ಯಕ್ಷನೆಂದು ತಮ್ಮಯ್ಯಣ್ಣ ಮುಂದಿನ ಸಾಲಿನಲ್ಲಿದ್ದ. ಜಯಶೀಲಮ್ಮ ನನಗೆ ಸಹಾಯ ಮಾಡುವ ನೆಪದಲ್ಲಿ ಬಂದು ಉಪ್ಪಿಟ್ಟು ಹಂಚಿದಳು. ಬಹಳ ದಿನದ ಮೇಲೆ ನಮ್ಮ ಮನೆಯ ಬಾಗಿಲು ತೆರೆದಿದ್ದಕ್ಕೆ ಎಲ್ಲರ ಮುಖದಲ್ಲೂ ಗೆಲುವು. ನಾನು ಯಜಮಾನರ ಪಕ್ಕದಲ್ಲಿ ಪೀಡೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಬಾಯಲ್ಲಿ ಏನೂ ಇಲ್ಲವೆಂದು ಒಬ್ಬರು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡರು.

ಯಜಮಾನರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಮಾನ್ಯರೇ, ನನಗೆ ಅಧಿಕಾರದ ಆಸೆ..."

ಪೀಡೆಯ ಮೈ ನನ್ನ ಕೈಯೊಳಗೆ ಬಿಗಿಯಿತು. ಕತ್ತು ಮೇಲೆ ಬಂತು. ಯಜಮಾನರು ಕೆಳಗೆ ನೋಡಿದರು. ಮರಿ ಅವರನ್ನೇ ನೋಡುತ್ತಿತ್ತು, ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ, ಗುಲಾಬಿ ಬಣ್ಣದ ಹೊಸ ಚರ್ಮದ ಗೆರೆ ಕುತ್ತಿಗೆಯ ಸುತ್ತ.

"...ಬಹಳ ಇದೆ" ಎಂದರು. "ಅಧ್ಯಕ್ಷ ಆಗ್ಬೇಕು ಅಂತ ತುಂಬಾ ಆಸೆ ಇದೆ. ಮದುವೆಗಳಲ್ಲಿ ಮೊದಲ್ನೇ ಪಂಕ್ತೀಲಿ ಕೂರ್ಬೇಕು. ಗೋಡೆ ಮೇಲೆ ಕಲ್ಲಲ್ಲಿ ನನ್ನ ಹೆಸರು ಇರ್ಬೇಕು. ಮಂಟಪಕ್ಕೆ ಪಾತ್ರೆ ನನ್ನ ಅಂಗಡಿಯಿಂದಾನೇ ಹೋಗ್ಬೇಕು ಅಂತಾನೂ ಇದೆ. ಮಂಟಪ ನಡೆಸೋದು ಹೆಂಗೆ ಅಂತ ಮಾತ್ರ ನಂಗೆ ಏನೂ ಗೊತ್ತಿಲ್ಲ. ಇಷ್ಟೇ." ಕೂತುಬಿಟ್ಟರು.

ಪೀಡೆ ತಲೆಯನ್ನು ನನ್ನ ಮಡಿಲಿಗಿಟ್ಟು ಕಣ್ಣು ಮುಚ್ಚಿತು. ನನಗೆ ಎದುರಿಗೆ ಏನೂ ಕಾಣಿಸಲಿಲ್ಲ, ಕಣ್ಣು ತುಂಬಿಕೊಂಡಿತ್ತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು.

ಸಮಿತಿಯವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಇಂಥ ಅನಾಹುತಕ್ಕೆ ಯಾವ ಕಟ್ಟುಪಾಡೂ ಇರಲಿಲ್ಲ. ಜಯಶೀಲಮ್ಮ ಉಪ್ಪಿಟ್ಟಿನ ಸೌಟು ಹಿಡಿದೇ, "ಅಯ್ಯೋ ಚೆಲುವಯ್ಯನೋರೇ, ಮೂಕ ನಾಯಿ ಇಟ್ಕೊಂಡು ಯಾರಾದ್ರೂ ಹಿಂಗೆ ನಿಜ ಹೇಳ್ತಾರಾ?" ಎಂದಳು.

"ಅದರ ಗಂಟ್ಲು ನೋಯ್ತದಮ್ಮ" ಎಂದರು ಯಜಮಾನರು.

ಚಾಪೆಯ ಮೇಲೆ ನಗು ಹರಡಿತು. ತಮ್ಮಯ್ಯಣ್ಣ ತೊಡೆ ತಟ್ಟಿಕೊಂಡು ನಕ್ಕ. "ಎಲ್ಲಾ ಈ ದೇವೀರಮ್ಮನ ಕೆಲಸ! ಒಂದು ಬೀದಿನಾಯಿ ಮರಿಗೋಸ್ಕರ ಗಂಡನ ಅಧ್ಯಕ್ಷಗಿರಿ ಮಣ್ಣುಪಾಲು ಮಾಡಿದ್ಲಲ್ಲಪ್ಪಾ! ಏನಮ್ಮಾ, ಅಷ್ಟೊಂದು ಪ್ರೀತಿನಾ ಆ ನಾಯಿ ಮೇಲೆ?"

ಎಲ್ಲರ ಕಣ್ಣೂ ನನ್ನ ಮೇಲೆ. ನಾಲ್ಕು ಜನರ ಮುಂದೆ ನಾಯಿಮರಿಯೊಂದಕ್ಕೆ ಮನಸೋತವಳೆಂದು ಒಪ್ಪಿಕೊಳ್ಳುವ ಹೆಂಗಸು ನಾನಲ್ಲ. ಸೆರಗು ಸರಿಮಾಡಿಕೊಂಡು, ತಲೆಯೆತ್ತಿ, ಅವತ್ತು ದೊಡ್ಡಿಯ ಅಂಗಳದಲ್ಲಿ ಹೇಳಿದ್ದ ಮಾತನ್ನೇ ಹೇಳಿದೆ.

"ನಂಗೆ ಇದರ ಮೇಲೆ ಪ್ರೀತಿನೂ ಇಲ್ಲ, ಗೀತಿನೂ ಇಲ್ಲ."

ಮಡಿಲಿನಿಂದ ಸದ್ದು ಬಂತು. ಹರಿದ ತಮಟೆಗೆ ಕೋಲು ಬಿದ್ದಂಥ ಒಡಕು ಸದ್ದು. ಪೀಡೆ ತಾನೇ ಬೆಚ್ಚಿ ಸುತ್ತ ನೋಡಿತು. ಬೊಗಳಿದವರು ಯಾರೆಂದು ಅದಕ್ಕೂ ತಿಳಿಯಲಿಲ್ಲ. ಆಮೇಲೆ ತಿಳಿಯಿತೇನೋ, ನನ್ನ ಕಡೆ ತಿರುಗಿ, ಬಾಲ ಅಲ್ಲಾಡಿಸುತ್ತಾ, ಇನ್ನೊಮ್ಮೆ ಸರಿಯಾಗಿ ಬೊಗಳಿತು.

ಮನೆ ಖಾಲಿಯಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತಮ್ಮಯ್ಯಣ್ಣ ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಓಡಿದ. ಸಮಿತಿಯವರು ಏನೂ ಹೇಳದೆ ಕೈಮುಗಿದು ಹೊರಟರು, ಅದೇ ಬುದ್ಧಿವಂತಿಕೆ. ಜಯಶೀಲಮ್ಮ ಮಾತ್ರ ಗೇಟಿನ ಹತ್ತಿರ ನಿಂತು, ಅಭ್ಯಾಸ ಬಲದಿಂದ, "ಮರಿಗೆ ದನಿ ಬಂದಿದ್ದು ತುಂಬಾ ಸಂತೋಷ ಆಯ್ತಕ್ಕಾ" ಎಂದಳು. ಪೀಡೆ ಅವಳನ್ನು ಅವಳ ಮನೆಯ ಬಾಗಿಲವರೆಗೂ ಬೊಗಳುತ್ತಾ ಬಿಟ್ಟುಬಂತು.

ಮನೆಯಲ್ಲಿ ಉಳಿದದ್ದು ನಾವಿಬ್ಬರು, ಒಂದು ಬೋಗುಣಿ ಉಪ್ಪಿಟ್ಟು ಮತ್ತು ಏದುಸಿರು ಬಿಡುತ್ತಿದ್ದ ಮರಿ. ಯಜಮಾನರು ತಟ್ಟೆಗೆ ಹಾಕಿಕೊಂಡು ಒಂದು ತುತ್ತು ತಿಂದು, "ಉಪ್ಪು ಜಾಸ್ತಿ" ಎಂದರು. ಇನ್ನೂ ನಾಲ್ಕು ತುತ್ತು ತಿಂದ ಮೇಲೆ, ನನ್ನ ಮುಖ ನೋಡದೆ, "ದನಿ ಬಂದ್ರೆ ವಾಪಸ್ ಬಿಟ್ಟು ಬರ್ತೀನಿ ಅಂತ ಡಾಕ್ಟರಮ್ಮಂಗೆ ಹೇಳಿದ್ಯಂತೆ" ಎಂದರು.

"ಹೂಂ, ಹೇಳಿದ್ದೆ. ನಾಳೆ..." ಎಂದು ಬಾಯಿ ತೆರೆದೆ.

ಪೀಡೆ ಎದ್ದು ನಿಂತಿತು. ಕತ್ತು ನೀಡಿ, ನಾಲ್ಕೂ ಕಾಲು ಬಿಗಿದು, ನನ್ನ ಬಾಯನ್ನೇ ನೋಡುತ್ತಾ ಸಿದ್ಧವಾಯಿತು. ಗಾಯದ ಗೆರೆ ಇನ್ನೂ ಹಸಿಯಾಗಿಯೇ ಇತ್ತು. ಹೊಸ ಗಂಟಲು, ನೋಯುತ್ತದೆ ಎಂದು ಸುಮ್ಮನಾದೆ.